ಲಿಥಿಯಂ-ಏರ್ ಬ್ಯಾಟರಿ: 1,000 ಸಲ ಚಾರ್ಜ್ ಆಯಿತು ಅಂತಾರೆ, ಹಾಗಾದರೆ ಕೈಗೆ ಯಾಕೆ ಸಿಗುತ್ತಿಲ್ಲ?

ಮಿಂಚುಹುಳ

ಬ್ಯಾಟರಿ ಬಗ್ಗೆ ಏನು ಸಿಕ್ಕರೂ ಓದುವ ಅಭ್ಯಾಸ ನನಗೆ. ಲಿಥಿಯಂ-ಏರ್ ಬಗ್ಗೆ ಮಾತ್ರ ಓದಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ.

ಒಂದು ಕಡೆ ತಲೆ ತಿರುಗಿಸುವ ಅಂಕಿಗಳು. ಒಂದು ಕೆ.ಜಿ. ಲಿಥಿಯಂಗೆ 11,000 ವ್ಯಾಟ್-ಅವರ್‌ಗೂ ಮೇಲೆ ಶಕ್ತಿ, ಹೆಚ್ಚುಕಮ್ಮಿ ಪೆಟ್ರೋಲಿನ ಮಟ್ಟ. ಈಗ ಕಾರುಗಳಲ್ಲಿರುವ ಒಳ್ಳೆಯ ಲಿಥಿಯಂ-ಅಯಾನ್ ಸೆಲ್ ಕೊಡುವುದು ಕೆ.ಜಿ.ಗೆ 250ರಿಂದ 300. 2023ರಲ್ಲಿ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಮತ್ತು ಆರ್ಗಾನ್ ನ್ಯಾಷನಲ್ ಲ್ಯಾಬ್‌ನವರು ಸೇರಿ ಮಾಡಿದ ಸೆಲ್ 1,000 ಸಲ ಚಾರ್ಜ್ ಆಯಿತು ಅಂತ ‘ಸೈನ್ಸ್’ ಪತ್ರಿಕೆಯಲ್ಲೇ ಬಂತು. ಅದೂ ಕೋಣೆಯ ಉಷ್ಣಾಂಶದಲ್ಲಿ.

ಇನ್ನೊಂದು ಕಡೆ, ಕೊಳ್ಳೋಣ ಅಂದರೆ ಒಂದು ಸೆಲ್ಲೂ ಸಿಗುವುದಿಲ್ಲ.

ತೊಡಕು ಇರುವುದು ಎಲ್ಲಿ? ರಸಾಯನಶಾಸ್ತ್ರದಲ್ಲಾ, ತಯಾರಿಕೆಯಲ್ಲಾ, ದುಡ್ಡಿನಲ್ಲಾ? ಸೋಲಾರ್ ಕರೆಂಟ್ ಕೂಡಿಡುವುದಕ್ಕೆ ಇದು ಆಗುತ್ತದೆಯೇ? ಗೊತ್ತಿರುವವರು ಬಿಡಿಸಿ ಹೇಳಿ.

ಲ್ಯಾಬ್‌ಕೋಟು

ಮೊದಲು ಆ 11,000ದ ಲೆಕ್ಕ ಬಿಡಿಸೋಣ, ಅರ್ಧ ಗೊಂದಲ ಅಲ್ಲೇ ಇದೆ.

ಈ ಸೆಲ್ ಕೆಲಸ ಮಾಡುವ ರೀತಿ ಸರಳ. ಒಂದು ಕಡೆ ಲಿಥಿಯಂ ಲೋಹ. ಇನ್ನೊಂದು ಕಡೆ ತೂತು ತೂತಾದ ಇಂಗಾಲ, ಅದರೊಳಗೆ ಗಾಳಿ. ಮಧ್ಯೆ ಎಲೆಕ್ಟ್ರೋಲೈಟ್, ಅಂದರೆ ಅಯಾನ್‌ಗಳು ದಾಟುವ ಮಾಧ್ಯಮ. ಕರೆಂಟ್ ತೆಗೆಯುವಾಗ ಲಿಥಿಯಂ ಅಯಾನ್‌ಗಳು ಈಚೆ ಬಂದು ಆಕ್ಸಿಜನ್ ಜೊತೆ ಸೇರಿ ಲಿಥಿಯಂ ಪೆರಾಕ್ಸೈಡ್ ಆಗುತ್ತವೆ. ಚಾರ್ಜ್ ಮಾಡುವಾಗ ಅದು ಒಡೆದು, ಆಕ್ಸಿಜನ್ ಹೊರಗೆ ಹೋಗಿ, ಲಿಥಿಯಂ ವಾಪಸ್ ಹೋಗಬೇಕು. ಇದರ ಸೈದ್ಧಾಂತಿಕ ವೋಲ್ಟೇಜ್ 2.96.

11,000 ಬರುವುದು ಬರೀ ಲಿಥಿಯಂ ತೂಕಕ್ಕೆ ಭಾಗಿಸಿದಾಗ. ಆದರೆ ಹೀರಿಕೊಂಡ ಆಕ್ಸಿಜನ್ ಸೆಲ್ಲಿನೊಳಗೇ ಕೂರುತ್ತದೆ. 14 ಗ್ರಾಂ ಲಿಥಿಯಂ 32 ಗ್ರಾಂ ಆಕ್ಸಿಜನ್ ಹಿಡಿದುಕೊಂಡು 46 ಗ್ರಾಂ ಆಗುತ್ತದೆ. ಪೆರಾಕ್ಸೈಡಿನ ತೂಕಕ್ಕೆ ಭಾಗಿಸಿ ನೋಡಿ, 11,000 ಇದ್ದದ್ದು 3,500ರ ಹತ್ತಿರಕ್ಕೆ ಇಳಿಯುತ್ತದೆ. ಇಂಗಾಲ, ಎಲೆಕ್ಟ್ರೋಲೈಟ್, ಡಬ್ಬಿ, ಗಾಳಿ ಶುದ್ಧ ಮಾಡುವ ಯಂತ್ರ ಇವನ್ನೆಲ್ಲ ಇನ್ನೂ ಸೇರಿಸಿಲ್ಲ.

ಪೆಟ್ರೋಲಿನ ಹೋಲಿಕೆಯನ್ನಂತೂ ಬಿಟ್ಟೇಬಿಡಿ. ಪೆಟ್ರೋಲ್ ಸುಟ್ಟು ಹೊಗೆಯಾಗಿ ಹೊರಗೆ ಹೋಗುತ್ತದೆ. ಇಲ್ಲಿ ಬೂದಿಯನ್ನೂ ಹೊತ್ತುಕೊಂಡೇ ತಿರುಗಬೇಕು.

ಚಕ್ರವ್ಯೂಹ

3,500 ಅಂದರೂ ಈಗಿನದಕ್ಕಿಂತ ಹತ್ತು ಪಟ್ಟು ಅಲ್ವಾ? ಅದರಲ್ಲಿ ಮೂರನೇ ಒಂದು ಭಾಗ ಕೈಗೆ ಸಿಕ್ಕರೂ ಸಾಕು.

ಲ್ಯಾಬ್‌ಕೋಟು

ಸಿಕ್ಕರೆ ಖಂಡಿತ ಸಾಕು. ಆದರೆ ಲಿಥಿಯಂ-ಅಯಾನ್‌ನ 300 ಇಡೀ ಸೆಲ್ ತೂಗಿ ಬಂದ ಅಂಕಿ. 3,500 ಕಾಗದದ ಮೇಲೆ ಒಂದೇ ವಸ್ತುವಿನ ಅಂಕಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಲೆಕ್ಕಿಗ

ಎಲ್ಲರೂ ಲಿಥಿಯಂ ಕಡೆಯೇ ನೋಡುತ್ತಿದ್ದೀರಿ. ಸ್ವಲ್ಪ ಗಾಳಿಯ ಕಡೆ ನೋಡಿ.

100 ಯೂನಿಟ್ ಕರೆಂಟ್ ಕೊಡುವ ಒಂದು ಪ್ಯಾಕ್ ಅಂದುಕೊಳ್ಳಿ, ದೊಡ್ಡ ಎಲೆಕ್ಟ್ರಿಕ್ ಕಾರಿನಷ್ಟು. 2.7 ವೋಲ್ಟ್‌ನಲ್ಲಿ ಡಿಸ್ಚಾರ್ಜ್ ಆಗುತ್ತದೆ ಅಂತ ಹಿಡಿದರೆ ಸುಮಾರು 9.6 ಕೆ.ಜಿ. ಲಿಥಿಯಂ ಸಾಕು. ಅದಕ್ಕೆ ಬೇಕಾದ ಆಕ್ಸಿಜನ್ 22 ಕೆ.ಜಿ. ಗಾಳಿಯ ತೂಕದಲ್ಲಿ ಆಕ್ಸಿಜನ್ ಶೇ. 23ರಷ್ಟು. ಅಂದರೆ 95 ಕೆ.ಜಿ. ಗಾಳಿ, ಸುಮಾರು 79 ಘನ ಮೀಟರ್, ಸೆಲ್ಲಿನ ಮೂಲಕ ಹಾದುಹೋಗಬೇಕು. ಒಳಗೆ ಬಂದ ಆಕ್ಸಿಜನ್ ಒಂದು ಚೂರೂ ವ್ಯರ್ಥವಾಗಬಾರದು ಅನ್ನುವ ಷರತ್ತಿನ ಮೇಲೆ ಈ ಲೆಕ್ಕ.

ಈಗ ಆ ಗಾಳಿಯ ಜೊತೆ ಏನೇನು ಬರುತ್ತದೆ? 25 ಡಿಗ್ರಿ, ತೇವಾಂಶ ಶೇ. 60 ಇರುವ ಸಾಧಾರಣ ದಿನ ತೆಗೆದುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 14 ಗ್ರಾಂ ನೀರಾವಿ ಇರುತ್ತದೆ. 79 ಘನ ಮೀಟರಿಗೆ ಒಂದು ಕೆ.ಜಿ.ಗೂ ಮೇಲೆ ನೀರು! 18 ಗ್ರಾಂ ನೀರು 7 ಗ್ರಾಂ ಲಿಥಿಯಂ ತಿನ್ನಬಲ್ಲದು. ತಡೆ ಇಲ್ಲದಿದ್ದರೆ ಒಂದೇ ಡಿಸ್ಚಾರ್ಜಿನಲ್ಲಿ 400 ಗ್ರಾಂ ಲಿಥಿಯಂ ಹೋಯಿತು. ಕಾರ್ಬನ್ ಡೈಆಕ್ಸೈಡ್ ಪಾಲು ಬರೀ ಶೇ. 0.04, ಆದರೂ 60 ಗ್ರಾಂ ಹತ್ತಿರ ಬರುತ್ತದೆ. ಪ್ರತಿ ಸಲವೂ.

ನೀಲಿಜ್ವಾಲೆ

ನೀರು ಸರಿ, 60 ಗ್ರಾಂ ಕಾರ್ಬನ್ ಡೈಆಕ್ಸೈಡ್ ಏನು ಮಹಾ ಮಾಡುತ್ತದೆ?

ಲ್ಯಾಬ್‌ಕೋಟು

ಅದು ಪೆರಾಕ್ಸೈಡ್ ಜೊತೆ ಸೇರಿ ಲಿಥಿಯಂ ಕಾರ್ಬೊನೇಟ್ ಆಗುತ್ತದೆ. ಇದನ್ನು ಒಡೆಯಬೇಕಾದರೆ 4 ವೋಲ್ಟಿಗೂ ಮೇಲೆ ಏರಿಸಬೇಕು. ಅಷ್ಟು ಏರಿಸಿದರೆ ಎಲೆಕ್ಟ್ರೋಲೈಟ್ ಮತ್ತು ಇಂಗಾಲ ಎರಡೂ ಕೆಡಲು ಶುರು. ಏರಿಸದೆ ಬಿಟ್ಟರೆ ಕಾರ್ಬೊನೇಟ್ ಸಲ ಸಲಕ್ಕೂ ಕೂಡುತ್ತಾ ತೂತುಗಳನ್ನು ಮುಚ್ಚುತ್ತದೆ. 60 ಗ್ರಾಂ ಅನ್ನುವುದು ಒಂದು ಸಲದ್ದು. ನೂರು ಸಲದ್ದು ಲೆಕ್ಕ ಹಾಕಿ.

ನೈಟ್ರೋಜನ್ ಕೂಡ ಸುಮ್ಮನಿರುವುದಿಲ್ಲ. ಲಿಥಿಯಂ ಕೋಣೆಯ ಉಷ್ಣಾಂಶದಲ್ಲೇ ನೈಟ್ರೋಜನ್ ಜೊತೆ ಸೇರುವ ಲೋಹ, ತೇವ ಇದ್ದರೆ ಇನ್ನೂ ಬೇಗ. ಗ್ಲವ್ ಬಾಕ್ಸ್ (ಹೊರಗಿನ ಗಾಳಿ ಸೇರದ, ಕೈಗವಸು ಜೋಡಿಸಿದ ಪೆಟ್ಟಿಗೆ) ಒಳಗೆ, ಆರ್ಗಾನ್ ಅನಿಲದಲ್ಲಿ ಹಾಳೆ ಕತ್ತರಿಸಿದರೆ ಅಂಚು ಬೆಳ್ಳಿ ಥರ ಹೊಳೆಯುತ್ತದೆ. ಅದೇ ತುಂಡನ್ನು ಹೊರಗೆ ತಂದು ಇಟ್ಟರೆ ನೋಡನೋಡುತ್ತಲೇ ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಗಾಗುತ್ತದೆ. ಈ ಲೋಹವನ್ನು ಗಾಳಿಗೆ ತೆರೆದ ಡಬ್ಬಿಯಲ್ಲಿಟ್ಟು ವರ್ಷಗಟ್ಟಲೆ ನಡೆಸಬೇಕು ಅನ್ನುವುದೇ ಇಲ್ಲಿನ ಸವಾಲು.

ಗುಂಡಿಸೆಲ್

ಗಾಳಿಯಿಂದ ನಡೆಯುವ ಬ್ಯಾಟರಿ ಈಗಾಗಲೇ ಲಕ್ಷಾಂತರ ಜನರ ಕಿವಿಯಲ್ಲಿದೆ, ಅದನ್ನು ಯಾರೂ ನೆನೆಯಲೇ ಇಲ್ಲ. ಕಿವಿ ಮಿಷನ್‌ಗೆ ಹಾಕುವ ಸಣ್ಣ ಗುಂಡಿ ಸೆಲ್ ಜಿಂಕ್-ಏರ್.

ನಮ್ಮ ಅಜ್ಜಿಯ ಮಿಷನ್‌ಗೆ ಸೆಲ್ ಬದಲಿಸುವ ಕೆಲಸ ನನ್ನದೇ. ಸೆಲ್ಲಿನ ಬೆನ್ನ ಮೇಲೆ ಒಂದು ಪುಟ್ಟ ಸ್ಟಿಕ್ಕರ್ ಇರುತ್ತದೆ. ಕಿತ್ತರೆ ಕೆಳಗೆ ಸೂಜಿ ಮೊನೆಯಷ್ಟು ತೂತುಗಳು. ಕಿತ್ತ ತಕ್ಷಣ ಹಾಕಬಾರದು. ಒಂದೆರಡು ನಿಮಿಷ ಹಾಗೇ ಬಿಟ್ಟು, ಗಾಳಿ ಒಳಗೆ ಹೋದ ಮೇಲೆ ಹಾಕಬೇಕು. ಒಮ್ಮೆ ಕಿತ್ತ ಮೇಲೆ ಮಿಷನ್ ಹಾಕಿಕೊಂಡರೂ ಅಷ್ಟೇ, ಪೆಟ್ಟಿಗೆಯಲ್ಲಿ ಇಟ್ಟರೂ ಅಷ್ಟೇ, ಕೆಲವೇ ವಾರಗಳ ಆಯಸ್ಸು. ಸ್ಟಿಕ್ಕರ್ ವಾಪಸ್ ಅಂಟಿಸಿದರೂ ದೊಡ್ಡ ಪ್ರಯೋಜನ ಇಲ್ಲ. ಗಾಳಿ ತುಂಬಾ ಒಣಗಿದ್ದರೆ ಒಳಗಿನ ನೀರು ಆರಿಹೋಗುತ್ತದೆ, ತೇವ ಜಾಸ್ತಿ ಇದ್ದರೆ ಒಳಗೆ ನೀರು ಸೇರಿಕೊಳ್ಳುತ್ತದೆ.

ಜಿಂಕ್ ನೀರಿಗೆ ಹೆದರುವ ಲೋಹ ಅಲ್ಲ. ಅದಕ್ಕೇ ಗಾಳಿ ಇಷ್ಟು ಕಾಟ ಕೊಡುತ್ತದೆ ಅಂದಮೇಲೆ ಲಿಥಿಯಂ ಪಾಡು ಏನು ಅಂತ ಊಹಿಸಿ. ಈ ಜಿಂಕ್ ಸೆಲ್ಲನ್ನು ಚಾರ್ಜ್ ಮಾಡುವ ಹಾಗೂ ಇಲ್ಲ, ಮುಗಿದರೆ ಎಸೆಯುವುದೇ.

ಚಕ್ರವ್ಯೂಹ

ಒಂದು ಸುಲಭದ ದಾರಿ ಇದೆಯಲ್ಲ. ಗಾಳಿ ಯಾಕೆ, ಶುದ್ಧ ಆಕ್ಸಿಜನ್ ಸಿಲಿಂಡರ್ ಇಡಿ. ನೀರೂ ಇಲ್ಲ, ಕಾರ್ಬನ್ ಡೈಆಕ್ಸೈಡೂ ಇಲ್ಲ.

ಲೆಕ್ಕಿಗ

22 ಕೆ.ಜಿ. ಆಕ್ಸಿಜನ್ ಬೇಕು ಅಂದೆನಲ್ಲ? ಅದನ್ನು ಒತ್ತಡದಲ್ಲಿ ಹಿಡಿದಿಡುವ ಸಿಲಿಂಡರ್ ಒಳಗಿನ ಅನಿಲಕ್ಕಿಂತ ಕೆಲವು ಪಟ್ಟು ಜಾಸ್ತಿ ತೂಗುತ್ತದೆ. ಚಾರ್ಜ್ ಮಾಡುವಾಗ ಹೊರಬರುವ ಅಷ್ಟೂ ಆಕ್ಸಿಜನ್ನನ್ನು ಮತ್ತೆ ಒತ್ತಿ ತುಂಬಬೇಕು. ಅದಕ್ಕೊಂದು ಕಂಪ್ರೆಸರ್, ಅದಕ್ಕೆ ಕರೆಂಟ್. ಹಗುರ ಅನ್ನುವ ಒಂದೇ ಕಾರಣಕ್ಕೆ ಇದರ ಹಿಂದೆ ಬಿದ್ದವರು ನಾವು. ಆ ಕಾರಣವೇ ಹೋಯಿತು.

2014ರಲ್ಲಿ ಆರ್ಗಾನ್ ಲ್ಯಾಬ್‌ನ ಸಂಶೋಧಕರು ಮತ್ತು ಜೊತೆಗಾರರು ಇಂಥದ್ದೇ ಲೆಕ್ಕವನ್ನು ಕಾರಿನ ಇಡೀ ಪ್ಯಾಕಿಗೆ ಹಾಕಿ ಪ್ರಕಟಿಸಿದರು. ಗಾಳಿ ಶುದ್ಧ ಮಾಡುವ ವ್ಯವಸ್ಥೆ, ಕೊಳವೆ, ಪಂಪು ಎಲ್ಲ ಸೇರಿಸಿದ ಮೇಲೆ, ಲಿಥಿಯಂ ಲೋಹ ಬಳಸುವ ಮುಂದಿನ ತಲೆಮಾರಿನ ಮುಚ್ಚಿದ ಸೆಲ್‌ಗಳ ಮುಂದೆ ಇದಕ್ಕೆ ದೊಡ್ಡ ಮೇಲುಗೈ ಉಳಿಯಲಿಲ್ಲ. ಪ್ಯಾಕ್ ಹಿಡಿಯುವ ಜಾಗದಲ್ಲಂತೂ ಹಿಂದೆಯೇ.

ಹಳೇತಂತಿ

ಸ್ವಲ್ಪ ಇತಿಹಾಸ ಹೇಳುತ್ತೇನೆ. ಈ ಕಥೆ ಗೊತ್ತಿದ್ದರೆ ಈಗಿನ ಸುದ್ದಿಗಳನ್ನು ಓದುವ ರೀತಿಯೇ ಬೇರೆ ಆಗುತ್ತದೆ.

ಗಾಳಿ ಮತ್ತು ಲಿಥಿಯಂ ಸೇರಿಸುವ ಯೋಚನೆ 1970ರ ದಶಕದ್ದು. ನೀರಿಲ್ಲದ ಎಲೆಕ್ಟ್ರೋಲೈಟ್‌ನಲ್ಲಿ ಮತ್ತೆ ಚಾರ್ಜ್ ಆಗುವ ಸೆಲ್ಲನ್ನು 1996ರಲ್ಲಿ ಅಬ್ರಹಾಂ ಮತ್ತು ಜಿಯಾಂಗ್ ಅನ್ನುವ ಸಂಶೋಧಕರು ತೋರಿಸಿದರು. 2006ರಲ್ಲಿ ಪೀಟರ್ ಬ್ರೂಸ್ ತಂಡ ಪೆರಾಕ್ಸೈಡ್ ಮತ್ತೆ ಒಡೆಯುತ್ತದೆ ಅಂತ ತೋರಿಸಿದ ಮೇಲೆ ಎಲ್ಲರೂ ಅತ್ತ ತಿರುಗಿದರು. 2009ರಲ್ಲಿ ಐಬಿಎಂ ‘ಬ್ಯಾಟರಿ 500’ ಯೋಜನೆ ಶುರು ಮಾಡಿತು. ಒಂದು ಚಾರ್ಜಿಗೆ 500 ಮೈಲಿ, ಅಂದರೆ 800 ಕಿ.ಮೀ. ಓಡುವ ಕಾರು ಅದರ ಗುರಿ.

ಆಮೇಲೆ ಬಿತ್ತು ನೋಡಿ ಪೆಟ್ಟು. 2010-11ರಲ್ಲಿ ಚಾರ್ಜ್ ಮಾಡುವಾಗ ಹೊರಬರುವ ಅನಿಲವನ್ನು ಕೆಲವು ತಂಡಗಳು ಹಿಡಿದು ಪರೀಕ್ಷಿಸಿದವು. ಆಕ್ಸಿಜನ್ ಬರಬೇಕಾದ ಕಡೆ ಬರುತ್ತಿದ್ದದ್ದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಲಿಥಿಯಂ-ಅಯಾನ್‌ನಿಂದ ಎರವಲು ತಂದ ಕಾರ್ಬೊನೇಟ್ ಎಲೆಕ್ಟ್ರೋಲೈಟೇ (ಸಾವಯವ ದ್ರವ, ಮೇಲೆ ಹೇಳಿದ ಲಿಥಿಯಂ ಕಾರ್ಬೊನೇಟ್ ಅಲ್ಲ) ಕೊಳೆಯುತ್ತಿತ್ತು. ಮೀಟರಿನಲ್ಲಿ ಚಾರ್ಜ್-ಡಿಸ್ಚಾರ್ಜ್ ಗೆರೆ ಚೆನ್ನಾಗಿಯೇ ಕಾಣುತ್ತಿತ್ತು. ಒಳಗೆ ನಡೆಯುತ್ತಿದ್ದದ್ದೇ ಬೇರೆ. ವರ್ಷಗಟ್ಟಲೆ ಬಂದ ಎಷ್ಟೋ ಪ್ರಬಂಧಗಳನ್ನು ಮತ್ತೆ ತೆರೆದು ನೋಡಬೇಕಾಯಿತು.

ಓಂಸೂತ್ರ

ಅಂದರೆ ಅಷ್ಟು ವರ್ಷ ಅಳೆದದ್ದು ಬ್ಯಾಟರಿಯನ್ನಲ್ಲ, ಎಲೆಕ್ಟ್ರೋಲೈಟ್ ಕೊಳೆಯುವುದನ್ನು!

ಸಿಹಿಗಾಳಿ

ಹಳೇತಂತಿಯವರೇ, ಇದನ್ನು ಬರೀ ಸೋಲಿನ ಕಥೆ ಥರ ಹೇಳಬೇಡಿ. ತಪ್ಪು ಬಯಲಾದದ್ದರಿಂದಲೇ ಮುಂದಿನ ದಾರಿ ಕಂಡಿತು. 2012ರಲ್ಲಿ ಅದೇ ಬ್ರೂಸ್ ತಂಡ ಇಂಗಾಲ ಬಿಟ್ಟು ತೂತು ತೂತಾದ ಚಿನ್ನದ ಎಲೆಕ್ಟ್ರೋಡ್ ಹಾಕಿತು, ಎಲೆಕ್ಟ್ರೋಲೈಟ್ ಬದಲಿಸಿತು. 100 ಸಲ ಆದಮೇಲೂ ಶೇ. 95 ಸಾಮರ್ಥ್ಯ ಉಳಿದಿತ್ತು. ಚಿನ್ನ ಹಾಕಿ ಬ್ಯಾಟರಿ ಮಾರಲು ಆಗುವುದಿಲ್ಲ, ಒಪ್ಪಿದೆ. ಆದರೆ ಪೆರಾಕ್ಸೈಡ್ ನಿಜಕ್ಕೂ ಹೋಗಿ ಬಂದು ಮಾಡುತ್ತದೆ ಅಂತ ಖಾತ್ರಿಯಾಯಿತು.

2018ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೋ ತಂಡ, ಆರ್ಗಾನ್ ಲ್ಯಾಬ್ ಜೊತೆ ಸೇರಿ, ಶುದ್ಧ ಆಕ್ಸಿಜನ್ ಬದಲು ತೇವ, ಕಾರ್ಬನ್ ಡೈಆಕ್ಸೈಡ್ ಎಲ್ಲ ಇರುವ ಕೃತಕ ಗಾಳಿಯಲ್ಲಿ 700 ಸಲ ನಡೆಸಿತು. ಲಿಥಿಯಂ ಮೇಲೆ ಲಿಥಿಯಂ ಕಾರ್ಬೊನೇಟಿನದೇ ತೆಳು ಪದರ ಹಾಕಿ ಕಾಪಾಡಿದರು. ಕ್ಯಾಥೋಡಿಗೆ (ಗಾಳಿಯ ಕಡೆಯ ಎಲೆಕ್ಟ್ರೋಡ್) ಶತ್ರುವಾದದ್ದನ್ನೇ ಆನೋಡಿಗೆ (ಲಿಥಿಯಂ ಕಡೆಯದು) ಕಾವಲು ಮಾಡಿದರು. ನನಗೆ ಇದು ತುಂಬಾ ಇಷ್ಟವಾದ ಉಪಾಯ.

ಲ್ಯಾಬ್‌ಕೋಟು

ಉಪಾಯ ನನಗೂ ಇಷ್ಟ. ಆದರೆ ಗಾಳಿ ಪೂರ್ತಿ ಶುದ್ಧವಾಗಿದ್ದರೂ ಎರಡು ತೊಂದರೆ ಉಳಿಯುತ್ತವೆ.

ಒಂದು, ಪೆರಾಕ್ಸೈಡ್ ಕರೆಂಟ್ ಬಿಡುವ ವಸ್ತು ಅಲ್ಲ. ಇಂಗಾಲದ ಮೇಲೆ ಅದು 5ರಿಂದ 10 ನ್ಯಾನೋಮೀಟರ್ ದಪ್ಪ ಕೂತರೆ ಎಲೆಕ್ಟ್ರಾನ್ ದಾಟುವುದೇ ನಿಲ್ಲುತ್ತದೆ. ತೂತುಗಳಲ್ಲಿ ಜಾಗ ಇದ್ದರೂ ಸೆಲ್ ದಿಢೀರನೆ ನಿಂತುಹೋಗುತ್ತದೆ. ಅದಕ್ಕೇ ಪೆರಾಕ್ಸೈಡನ್ನು ಮೇಲ್ಮೈಗೆ ಅಂಟಿಸದೆ, ದ್ರಾವಣದಲ್ಲಿ ದೊಡ್ಡ ಹರಳುಗಳಾಗಿ ಬೆಳೆಸಲು ನೋಡುತ್ತಾರೆ. ಆಗ ಇನ್ನೊಂದು ಪೇಚು: ದೊಡ್ಡ ಹರಳು ಚಾರ್ಜ್ ಮಾಡುವಾಗ ಒಡೆಯುವುದು ಕಷ್ಟ. ಡಿಸ್ಚಾರ್ಜ್ 2.7 ವೋಲ್ಟ್‌ನಲ್ಲಿ ಆದರೆ ಚಾರ್ಜ್‌ಗೆ 4ರವರೆಗೆ ಹೋಗಬೇಕು. 100 ಯೂನಿಟ್ ಹಾಕಿದರೆ 67 ವಾಪಸ್. ಲಿಥಿಯಂ-ಅಯಾನ್‌ನಲ್ಲಿ 90ಕ್ಕಿಂತ ಜಾಸ್ತಿ ಬರುತ್ತದೆ.

ಎರಡು, ಸಿಂಗ್ಲೆಟ್ ಆಕ್ಸಿಜನ್. ಆಕ್ಸಿಜನ್ ಅಣುವೇ, ಆದರೆ ಉದ್ರಿಕ್ತ ಸ್ಥಿತಿಯಲ್ಲಿ ಇರುತ್ತದೆ, ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. 2017ರಲ್ಲಿ ಆಸ್ಟ್ರಿಯದ ಗ್ರಾಜ್‌ನ ಫ್ರಾಯನ್‌ಬರ್ಗರ್ ತಂಡ ಸೆಲ್ ಹಾಳಾಗಲು ಇದೇ ದೊಡ್ಡ ಕಾರಣ ಅಂತ ತೋರಿಸಿತು. ಅಲ್ಲಿಯವರೆಗೆ ಸೂಪರಾಕ್ಸೈಡ್ (ಆಕ್ಸಿಜನ್ ಅಣುವಿಗೆ ಒಂದು ಎಲೆಕ್ಟ್ರಾನ್ ಸೇರಿ ಆಗುವುದು) ಮೇಲೆ ಎಲ್ಲ ಆಪಾದನೆ ಇತ್ತು. ವೋಲ್ಟೇಜ್ ಏರಿದಷ್ಟೂ ಇದು ಜಾಸ್ತಿ ಹುಟ್ಟುತ್ತದೆ. ಅಂದರೆ ಮೊದಲ ತೊಂದರೆಯೇ ಎರಡನೆಯದಕ್ಕೆ ಗೊಬ್ಬರ ಹಾಕುತ್ತದೆ.

ನೀಲಿಜ್ವಾಲೆ

ಕೇಂಬ್ರಿಡ್ಜ್‌ನವರು 2015ರಲ್ಲಿ ಈ ವೋಲ್ಟೇಜ್ ಅಂತರವನ್ನು 0.2ಕ್ಕೆ ಇಳಿಸಿದ್ದರಲ್ಲ? ಶೇ. 93 ದಕ್ಷತೆ, 2,000 ಸಲ ಚಾರ್ಜ್ ಅಂತ ದೊಡ್ಡ ಸುದ್ದಿಯಾಗಿತ್ತು.

ಹಳೇತಂತಿ

ಕ್ಲೇರ್ ಗ್ರೇ ತಂಡದ್ದು. ಎಲೆಕ್ಟ್ರೋಲೈಟಿಗೆ ಲಿಥಿಯಂ ಅಯೋಡೈಡ್ ಮತ್ತು ಸ್ವಲ್ಪ ನೀರು ಸೇರಿಸಿದ್ದರು, ಎಲೆಕ್ಟ್ರೋಡ್ ಗ್ರಾಫೀನಿನದು. ಪೆರಾಕ್ಸೈಡ್ ಬದಲು ಲಿಥಿಯಂ ಹೈಡ್ರಾಕ್ಸೈಡ್ ಆಗುವ ಹಾಗೆ ಮಾಡಿದರು. ಆದರೆ 2016ರಲ್ಲಿ ಅದೇ ‘ಸೈನ್ಸ್’ ಪತ್ರಿಕೆಯಲ್ಲಿ ಬೇರೆ ತಂಡಗಳು ತಕರಾರು ತೆಗೆದವು. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಅಯೋಡೈಡ್‌ನಿಂದ ಹೈಡ್ರಾಕ್ಸೈಡ್ ಒಡೆಯಲು ಆಗುವುದಿಲ್ಲ, ಬರುತ್ತಿರುವ ಕರೆಂಟ್ ಅಯೋಡೈಡಿನದೇ ಇರಬೇಕು ಅನ್ನುವುದು ವಾದ. ಗ್ರೇ ತಂಡ ಉತ್ತರವನ್ನೂ ಕೊಟ್ಟಿತು. 2,000 ಸಲ ಬಂದದ್ದು ಸಾಮರ್ಥ್ಯಕ್ಕೆ ಕಡಿವಾಣ ಹಾಕಿದಾಗ ಅನ್ನುವುದನ್ನೂ ಮರೆಯಬಾರದು.

ಓಂಸೂತ್ರ

ಈ ‘ಕಡಿವಾಣ’ದ ವಿಷಯ ಯಾರಾದರೂ ಬಿಡಿಸಿ ಹೇಳಿ. ಎಲ್ಲ ಕಡೆ ಕಾಣುತ್ತೇನೆ, ಅರ್ಥ ಆಗುವುದಿಲ್ಲ.

ಲ್ಯಾಬ್‌ಕೋಟು

ಖಂಡಿತ. ಮಿಂಚುಹುಳ ಅವರ ಪ್ರಶ್ನೆಗೂ ಉತ್ತರ ಇಲ್ಲಿದೆ.

ಒಂದು ಮಾಮೂಲಿ ಪ್ರಯೋಗ ತೆಗೆದುಕೊಳ್ಳಿ. ಒಂದು ಚದರ ಸೆಂಟಿಮೀಟರಿನ ಮೇಲೆ ಅರ್ಧ ಮಿಲಿಗ್ರಾಂ ಇಂಗಾಲ. ಪ್ರತಿ ಸಲ ‘ಗ್ರಾಂಗೆ 1,000 ಮಿಲಿಆಂಪ್-ಅವರ್’ ಮಾತ್ರ ತೆಗೆಯುತ್ತಾರೆ, ಪೂರ್ತಿ ಖಾಲಿ ಮಾಡುವುದಿಲ್ಲ. ಸಾವಿರ ಅಂದರೆ ಭಾರಿ ಅನ್ನಿಸುತ್ತದೆ. ಆದರೆ ಅದು ಗ್ರಾಂ ಇಂಗಾಲಕ್ಕೆ, ಇಲ್ಲಿರುವುದು ಅರ್ಧ ಮಿಲಿಗ್ರಾಂ. ಚದರ ಸೆಂಟಿಮೀಟರಿಗೆ ನಿಜವಾಗಿ ಬರುವುದು ಅರ್ಧ ಮಿಲಿಆಂಪ್-ಅವರ್. ಮಾರುಕಟ್ಟೆಯ ಲಿಥಿಯಂ-ಅಯಾನ್ ಸೆಲ್ ಅದೇ ಜಾಗದಲ್ಲಿ 3ರಿಂದ 4 ಕೊಡುತ್ತದೆ.

ಎದುರುಗಡೆ ಲಿಥಿಯಂ ಹಾಳೆ 250 ಮೈಕ್ರಾನ್ ದಪ್ಪ ಇದೆ ಅಂದುಕೊಳ್ಳಿ. ಅದರಲ್ಲಿ ಚದರ ಸೆಂಟಿಮೀಟರಿಗೆ 50 ಮಿಲಿಆಂಪ್-ಅವರ್ ಇರುತ್ತದೆ. ಬಳಸುವುದು ಅರ್ಧ, ಇಟ್ಟಿರುವುದು ಐವತ್ತು. ನೂರು ಪಟ್ಟು ದಾಸ್ತಾನು! ಪ್ರತಿ ಸಲ ಶೇ. 1 ಲಿಥಿಯಂ ಹಾಳಾದರೂ ಗ್ರಾಫಿನಲ್ಲಿ ಒಂದು ಕೂದಲೆಳೆಯಷ್ಟೂ ಕಾಣುವುದಿಲ್ಲ, ಹಾಳೆಯಿಂದ ಹೊಸದು ಬರುತ್ತಲೇ ಇರುತ್ತದೆ. ತೂತು ಕೊಡಕ್ಕೆ ಮೇಲಿಂದ ನೀರು ಸುರಿಯುತ್ತಾ ‘ಕೊಡ ತುಂಬಿಯೇ ಇದೆ’ ಅಂದ ಹಾಗೆ. ದಾಸ್ತಾನು ಇಲ್ಲದೆ, ಬೇಕಾದಷ್ಟೇ ಲಿಥಿಯಂ ಇಟ್ಟಿದ್ದರೆ? ಶೇ. 1 ನಷ್ಟದಲ್ಲಿ 100 ಸಲ ಆಗುವಷ್ಟರಲ್ಲಿ ಉಳಿಯುವುದು ಶೇ. 37.

ಸುಳ್ಳು ಹೇಳುತ್ತಿದ್ದಾರೆ ಅಂತ ಅಲ್ಲ. ಕ್ಯಾಥೋಡಿನ ರಸಾಯನ ಅರಿಯಲು ಹೀಗೆ ಮಾಡುವುದು ಸರಿಯಾದ ಕ್ರಮವೇ. ಅದನ್ನು ‘ಬ್ಯಾಟರಿ 1,000 ಸಲ ನಡೆಯಿತು’ ಅಂತ ಓದುವುದು ತಪ್ಪು.

ಸಿಹಿಗಾಳಿ

ಈ ಮಾತು ಎಲ್ಲ ಹೊಸ ಬ್ಯಾಟರಿಗೂ ಅನ್ವಯಿಸುತ್ತದೆ. ಲ್ಯಾಬ್ ಸೆಲ್ ಯಾವತ್ತೂ ಹಾಗೇ ಇರುತ್ತದೆ. ಲಿಥಿಯಂ-ಅಯಾನ್ ಕೂಡ 1991ರಲ್ಲಿ ಸೋನಿ ಮಾರುಕಟ್ಟೆಗೆ ತರುವ ಮೊದಲು ಎಷ್ಟೋ ವರ್ಷ ಪ್ರಯೋಗಶಾಲೆಯಲ್ಲೇ ಇತ್ತು.

2023ರ ಸೆಲ್ ಹಳೆಯದರ ಮುಂದುವರಿಕೆ ಅಲ್ಲ, ಅದನ್ನು ಬೇರೆಯಾಗಿಯೇ ನೋಡಬೇಕು. ಪಾಲಿಮರಿನೊಳಗೆ ಸಲ್ಫೈಡ್ ನ್ಯಾನೋಕಣ ಸೇರಿಸಿದ ಘನ ಎಲೆಕ್ಟ್ರೋಲೈಟ್ ಅದರದ್ದು. ಕೊಳೆಯಲು ದ್ರವವೇ ಇಲ್ಲ. ಆಕ್ಸಿಜನ್ ಅಣುವಿಗೆ ಎರಡರ ಬದಲು ನಾಲ್ಕು ಎಲೆಕ್ಟ್ರಾನ್, ಬರುವುದು ಪೆರಾಕ್ಸೈಡ್ ಅಲ್ಲ, ಲಿಥಿಯಂ ಆಕ್ಸೈಡ್. ಅದರ ಸೈದ್ಧಾಂತಿಕ ಶಕ್ತಿ ಕೆ.ಜಿ.ಗೆ 5,200. 2018ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಲಿಂಡಾ ನಾಜರ್ ತಂಡ ಇದನ್ನು ಮಾಡಿದಾಗ ಕರಗಿದ ಉಪ್ಪು, 150 ಡಿಗ್ರಿ ಬಿಸಿ ಎಲ್ಲ ಬೇಕಿತ್ತು. ಐದೇ ವರ್ಷದಲ್ಲಿ ಕೋಣೆಯ ಉಷ್ಣಾಂಶಕ್ಕೆ ಬಂತು. ಇದು ಸಣ್ಣ ಜಿಗಿತವೇ?

ಲ್ಯಾಬ್‌ಕೋಟು

ದೊಡ್ಡ ಜಿಗಿತವೇ. ನಾನು ಆ ಪ್ರಬಂಧವನ್ನು ಗೌರವದಿಂದ ಓದಿದವನು. ಆದರೆ ಅದರ ಜೊತೆ ಸುದ್ದಿಯಲ್ಲಿ ಬಂದ ಕೆ.ಜಿ.ಗೆ 1,200 ವ್ಯಾಟ್-ಅವರ್ ‘ಮುಂದೆ ಆಗಬಹುದು’ ಅನ್ನುವ ಅಂದಾಜು. ಆ ಸಲ್ಫೈಡಿನಲ್ಲಿ ಜರ್ಮೇನಿಯಂ ಇದೆ, ದುಬಾರಿ ಧಾತು. ಸಲ್ಫೈಡ್‌ಗಳಿಗೆ ತೇವ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಅದು ವಿಷ. ಪಾಲಿಮರ್ ಅದನ್ನು ಎಷ್ಟು ವರ್ಷ ಕಾಪಾಡುತ್ತದೆ ಅನ್ನುವುದು ದೊಡ್ಡ ಸೆಲ್ ಮಾಡಿದಾಗ ಗೊತ್ತಾಗಬೇಕು.

ಗ್ರಿಡ್‌ಬಂಧು

ಸೋಲಾರ್ ಕರೆಂಟ್ ಕೂಡಿಡುವ ಪ್ರಶ್ನೆಗೆ ಯಾರೂ ಬರಲಿಲ್ಲ. ನನ್ನ ಕೆಲಸವೇ ಅದು, ಹೇಳುತ್ತೇನೆ. ಲಿಥಿಯಂ-ಏರ್ ಅದಕ್ಕೆ ಬೇಡ.

ನೆಲದ ಮೇಲೆ ಕೂರುವ ಬ್ಯಾಟರಿಗೆ ತೂಕ ಯಾಕೆ ಮುಖ್ಯ? ಕಂಟೇನರ್ 20 ಟನ್ ಇದ್ದರೇನು, 40 ಟನ್ ಇದ್ದರೇನು, ಕಾಂಕ್ರೀಟ್ ಹೊರುತ್ತದೆ. ಅಲ್ಲಿ ಕೇಳುವುದು ಮೂರೇ ಪ್ರಶ್ನೆ: ಒಂದು ಯೂನಿಟ್ ಕೂಡಿಡಲು ಖರ್ಚೆಷ್ಟು, ಎಷ್ಟು ಸಾವಿರ ಸಲ ನಡೆಯುತ್ತದೆ, ಹಾಕಿದ್ದರಲ್ಲಿ ಎಷ್ಟು ವಾಪಸ್ ಬರುತ್ತದೆ. ಮೂರರಲ್ಲೂ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ (ಲಿಥಿಯಂ-ಅಯಾನ್‌ನಲ್ಲೇ ಒಂದು ಬಗೆ) ಇದನ್ನು ಈಗಲೇ ಸೋಲಿಸುತ್ತದೆ. ಇದಕ್ಕಿರುವ ಒಂದೇ ಬಲ ಹಗುರ, ಅದು ನಮಗೆ ಬೇಕಾಗಿಲ್ಲ.

ಗಾಳಿ ಬ್ಯಾಟರಿಯೇ ಬೇಕು ಅಂದರೆ ಐರನ್-ಏರ್ ನೋಡಿ. ಅಮೆರಿಕದ ಫಾರ್ಮ್ ಎನರ್ಜಿ ಕಂಪನಿ ಅದನ್ನೇ ಮಾಡುತ್ತಿದೆ. ಕಬ್ಬಿಣ ತುಕ್ಕು ಹಿಡಿಯುವಾಗ ಕರೆಂಟ್ ಕೊಡುತ್ತದೆ, ಚಾರ್ಜ್ ಮಾಡಿದರೆ ತುಕ್ಕು ಮತ್ತೆ ಕಬ್ಬಿಣ. 100 ಗಂಟೆ ಸತತ ಕರೆಂಟ್ ಕೊಡುವುದು ಗುರಿ. ಭಾರ, ನಿಧಾನ, ದಕ್ಷತೆಯೂ ಕಡಿಮೆ. ಆದರೆ ಕಬ್ಬಿಣ ಅಗ್ಗ, ನೀರಿನ ಎಲೆಕ್ಟ್ರೋಲೈಟ್, ಬೆಂಕಿಯ ಭಯ ಇಲ್ಲ. ದಿನಗಟ್ಟಲೆ ಮೋಡ ಕವಿದಾಗ ಇಂಥದ್ದೇ ಬೇಕು.

ಮಿಂಚುಹುಳ

ಇದು ಹೊಳೆದೇ ಇರಲಿಲ್ಲ. ಹಾಗಾದರೆ ಲಿಥಿಯಂ-ಏರ್‌ಗೆ ಸರಿಯಾದ ಜಾಗ ಯಾವುದು? ಕಾರಾ?

ರೆಕ್ಕೆಪುಕ್ಕ

ವಿಮಾನ, ಡ್ರೋನ್. ತೂಕ ಅಂದರೆ ಪ್ರಾಣ ಹೋಗುವ ಜಾಗ ಅದೊಂದೇ. ಈಗಿನ ಬ್ಯಾಟರಿಯಲ್ಲಿ ನಾಲ್ಕು ಜನ ಕೂರುವ ವಿಮಾನ ಸ್ವಲ್ಪ ದೂರ ಹಾರಬಹುದು, ಅಷ್ಟೇ. ಜಪಾನಿನ ನಿಮ್ಸ್ ಅನ್ನುವ ವಸ್ತುವಿಜ್ಞಾನ ಸಂಸ್ಥೆ ಮತ್ತು ಟೆಲಿಕಾಂ ಕಂಪನಿ ಸಾಫ್ಟ್‌ಬ್ಯಾಂಕ್ ಸೇರಿ ಕೆ.ಜಿ.ಗೆ 500 ವ್ಯಾಟ್-ಅವರ್ ದಾಟುವ ಲಿಥಿಯಂ-ಏರ್ ಸೆಲ್ ಮಾಡಿರುವುದಾಗಿ 2021ರ ಕೊನೆಗೆ ಹೇಳಿದವು. ಇದು ಇಡೀ ಸೆಲ್ಲಿನ ಅಂಕಿ, ಗ್ರಾಂ ಇಂಗಾಲದ್ದಲ್ಲ. ಸಾಫ್ಟ್‌ಬ್ಯಾಂಕಿಗೆ ಇದರಲ್ಲಿ ಆಸಕ್ತಿ ಯಾಕೆ ಗೊತ್ತಾ? ಎತ್ತರದಲ್ಲಿ ತಿಂಗಳುಗಟ್ಟಲೆ ಹಾರುತ್ತಾ ಮೊಬೈಲ್ ಸಿಗ್ನಲ್ ಕೊಡುವ ವಿಮಾನಗಳ ಯೋಜನೆ ಅವರದ್ದು.

ಲೆಕ್ಕಿಗ

ವಿಮಾನಕ್ಕೂ ಒಂದು ತೊಡಕಿದೆ. ಜೆಟ್ ವಿಮಾನ ಇಂಧನ ಸುಡುತ್ತಾ ಹಗುರವಾಗಿ ಇಳಿಯುತ್ತದೆ. ದೊಡ್ಡ ವಿಮಾನಗಳಲ್ಲಿ ಇಳಿಯುವಾಗಿನ ಗರಿಷ್ಠ ತೂಕ ಏರುವಾಗಿನದ್ದಕ್ಕಿಂತ ಕಡಿಮೆ ಇಟ್ಟಿರುತ್ತಾರೆ. ಇಲ್ಲಿ ಉಲ್ಟಾ. ಒಂದು ಕೆ.ಜಿ. ಲಿಥಿಯಂ ಪೂರ್ತಿ ಖಾಲಿಯಾಗುವಾಗ 3.3 ಕೆ.ಜಿ. ಆಗಿರುತ್ತದೆ. ಹಾರಿದಷ್ಟೂ ಭಾರ. ಚಕ್ರದ ಕಾಲುಗಳನ್ನು ಆ ತೂಕಕ್ಕೇ ಕಟ್ಟಬೇಕು. ಮೇಲಾಗಿ 10-11 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಕಾಲು ಭಾಗ. ಆಕ್ಸಿಜನ್ ಬೇಕು ಅಂದರೆ ಕಂಪ್ರೆಸರ್ ಓಡಲೇಬೇಕು.

ರೆಕ್ಕೆಪುಕ್ಕ

ಎತ್ತರದ ಗಾಳಿಯಲ್ಲಿ ಒಂದು ಅನುಕೂಲವೂ ಇದೆ, ಅದನ್ನೂ ಹೇಳಿ. ಅಲ್ಲಿ ತೇವ ಇಲ್ಲವೇ ಇಲ್ಲ ಅನ್ನಬಹುದು. ನಿಮ್ಮ ಒಂದು ಕೆ.ಜಿ. ನೀರು ಅಲ್ಲಿ ಬರುವುದಿಲ್ಲ. ಜೆಟ್ ವಿಮಾನಗಳಲ್ಲಿ ಕ್ಯಾಬಿನ್‌ಗೆ ಗಾಳಿ ಒತ್ತುವ ವ್ಯವಸ್ಥೆ ಈಗಲೂ ಇದೆ, ಹೊಸದೇನೂ ಅಲ್ಲ.

ಕಿಡಿನುಡಿ

ವಿಮಾನದಲ್ಲಿ ಲಿಥಿಯಂ ಲೋಹಕ್ಕೆ ಬೆಂಕಿ ಹತ್ತಿದರೆ?

ಲ್ಯಾಬ್‌ಕೋಟು

ನೀರು ಹಾಕಬಾರದು, ಹೈಡ್ರೋಜನ್ ಬಂದು ಇನ್ನೂ ಉರಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಹೊಡೆಯಬಾರದು, ಬಿಸಿ ಲಿಥಿಯಂ ಅದರ ಜೊತೆಗೂ ಉರಿಯುತ್ತದೆ. ಗ್ರಾಫೈಟಿನ ಒಣ ಪುಡಿಯಂಥ, ಲೋಹದ ಬೆಂಕಿಗೇ ಮಾಡಿದ ಪುಡಿ ಬೇಕು. ನಮ್ಮ ಗ್ಲವ್ ಬಾಕ್ಸ್ ಪಕ್ಕ ಅದರ ಬಕೆಟ್ ಯಾವಾಗಲೂ ಇರುತ್ತದೆ. ಇದನ್ನು ಪ್ರಯಾಣಿಕರ ವಿಮಾನಕ್ಕೆ ಒಪ್ಪಿಸುವುದು ಸುಲಭದ ಮಾತಲ್ಲ.

ಚಕ್ರವ್ಯೂಹ

ಲಿಥಿಯಂ ಬದಲು ಸೋಡಿಯಂ ಹಾಕಿದರೆ? ಅದೂ ಗಾಳಿಯಲ್ಲಿ ಉರಿಯುವುದೇ, ಆದರೆ ಎಲ್ಲ ಕಡೆ ಸಿಗುತ್ತದೆ.

ರೆಕ್ಕೆಪುಕ್ಕ

ಮಾಡಿದ್ದಾರೆ! 2025ರಲ್ಲಿ ಎಂಐಟಿಯ ಯೆಟ್-ಮಿಂಗ್ ಚಿಯಾಂಗ್ ತಂಡ. ಅವರು ಚಾರ್ಜ್ ಮಾಡುವ ಗೋಜನ್ನೇ ಬಿಟ್ಟರು. ಕರಗಿದ ಸೋಡಿಯಂ ಒಂದು ಕಡೆ, ಗಾಳಿ ಒಂದು ಕಡೆ, ನಡುವೆ ಘನ ಎಲೆಕ್ಟ್ರೋಲೈಟ್. ಖಾಲಿಯಾದರೆ ಮತ್ತೆ ಸೋಡಿಯಂ ತುಂಬಿಸುವುದು, ಇಂಧನ ಕೋಶದ ಥರ. ಸಣ್ಣ ಮಾದರಿಯಲ್ಲಿ ಕೆ.ಜಿ.ಗೆ 1,500 ವ್ಯಾಟ್-ಅವರ್ ದಾಟಿತು. ಗಾಳಿಯನ್ನು ಒಣಗಿಸುವ ಬದಲು ತೇವದ ಗಾಳಿಯನ್ನೇ ಬೇಕಂತ ಬಿಟ್ಟರು. ಬೂದಿ ದ್ರವವಾಗಿ ಹೊರಗೆ ಹರಿದುಹೋಗುತ್ತದೆ, ಹಾಗಾಗಿ ತೂತು ಮುಚ್ಚುವುದಿಲ್ಲ, ಲೆಕ್ಕಿಗ ಹೇಳಿದ ತೂಕ ಏರುವ ತೊಂದರೆಯೂ ಇಲ್ಲ.

ಸಿಹಿಗಾಳಿ

ಅದು ಬ್ಯಾಟರಿ ಅಲ್ಲ ಬಿಡಿ. ಸೋಡಿಯಂ ಲೋಹ ಮಾಡಲು ಬೇರೆಲ್ಲೋ ಕರೆಂಟ್ ಸುಡಬೇಕು.

ರೆಕ್ಕೆಪುಕ್ಕ

ಬ್ಯಾಟರಿ ಚಾರ್ಜ್ ಮಾಡಲೂ ಬೇರೆಲ್ಲೋ ಕರೆಂಟ್ ಮಾಡಲೇಬೇಕಲ್ಲ. ಚಾರ್ಜಿಂಗ್ ಕೆಲಸವನ್ನು ವಿಮಾನದಿಂದ ಇಳಿಸಿ ಕಾರ್ಖಾನೆಗೆ ಕಳಿಸಿದ್ದಾರೆ, ಅಷ್ಟೇ. ಲಿಥಿಯಂ-ಏರ್ ಅಷ್ಟು ವರ್ಷದಿಂದ ಎಡವುತ್ತಿರುವುದು ಚಾರ್ಜಿಂಗ್‌ನಲ್ಲೇ ಅಲ್ವಾ?

ನೀಲಿಜ್ವಾಲೆ

ಇದಕ್ಕೆ ಪೂರ್ತಿ ಎದುರು ದಾರಿಯೂ ಇದೆ. 2016ರಲ್ಲಿ ಎಂಐಟಿಯದೇ ಜು ಲಿ ತಂಡ ಗಾಳಿಯನ್ನೇ ಮುಚ್ಚಿಬಿಟ್ಟಿತು. ಲಿಥಿಯಂ ಮತ್ತು ಆಕ್ಸಿಜನ್ ಇರುವ ನ್ಯಾನೋಕಣಗಳನ್ನು ಕೋಬಾಲ್ಟ್ ಆಕ್ಸೈಡಿನ ಜಾಲದೊಳಗೆ ಕೂರಿಸಿದರು. ಆಕ್ಸಿಜನ್ ಅನಿಲವಾಗಿ ಹೊರಗೆ ಬರುವುದೇ ಇಲ್ಲ, ಒಳಗೇ ರೂಪ ಬದಲಿಸುತ್ತದೆ. ವೋಲ್ಟೇಜ್ ನಷ್ಟ 1.2ರಿಂದ 0.24ಕ್ಕೆ ಇಳಿಯಿತು. ಡಬ್ಬಿ ಮುಚ್ಚಿರುವುದರಿಂದ ನೀರು, ಕಾರ್ಬನ್ ಡೈಆಕ್ಸೈಡ್ ಗೋಳೂ ಇಲ್ಲ.

ಗುಂಡಿಸೆಲ್

ಆಗ ಆಕ್ಸಿಜನ್ನನ್ನು ಜೊತೆಗೇ ಹೊತ್ತು ತಿರುಗಬೇಕಲ್ಲ, 11,000 ಎಲ್ಲಿ ಹೋಯಿತು?

ಲ್ಯಾಬ್‌ಕೋಟು

ಹೋಗಲಿ ಬಿಡಿ. ಮುಚ್ಚಿದ ಡಬ್ಬಿಯಲ್ಲಿ ಇಡೀ ಸೆಲ್ಲಿಗೆ ಕೆ.ಜಿ.ಗೆ 500, ಬೇಕಾದಷ್ಟೇ ಲಿಥಿಯಂ ಇಟ್ಟು 300 ಸಲ ನಡೆಸಿ ತೋರಿಸಲಿ, ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಮಿಂಚುಹುಳ ಅವರೇ, ಇನ್ನು ಮುಂದೆ ಇಂಥ ಸುದ್ದಿ ಓದಿದಾಗ ‘ಎಷ್ಟು ಸಲ’ ಅನ್ನುವುದನ್ನು ಕೊನೆಗೆ ನೋಡಿ. ಮೊದಲು ಚದರ ಸೆಂಟಿಮೀಟರಿಗೆ ಎಷ್ಟು ತೆಗೆದರು, ಲಿಥಿಯಂ ಎಷ್ಟು ಪಟ್ಟು ಜಾಸ್ತಿ ಇಟ್ಟಿದ್ದರು ಅಂತ ಹುಡುಕಿ. ಒಳಗೆ ಹೋದಷ್ಟೇ ಆಕ್ಸಿಜನ್ ಹೊರಗೆ ಬಂತಾ ಅಂತ ಅನಿಲ ಅಳೆದಿದ್ದಾರೋ ಇಲ್ಲವೋ ನೋಡಿ. ಪೆರಾಕ್ಸೈಡ್ ಆದರೆ ಪ್ರತಿ ಎರಡು ಎಲೆಕ್ಟ್ರಾನಿಗೆ ಒಂದು ಆಕ್ಸಿಜನ್ ಅಣು ವಾಪಸ್ ಬರಲೇಬೇಕು. ಅಳೆಯದೇ ಇದ್ದರೆ ಆ ಪ್ರಬಂಧವನ್ನು ನಾನು ಮುಂದಕ್ಕೆ ಓದುವುದಿಲ್ಲ.

ಮಿಂಚುಹುಳ

ಆ 2023ರ ಪ್ರಬಂಧದ ಪೂರಕ ಪುಟಗಳನ್ನು ಇಳಿಸಿಕೊಂಡಿದ್ದೇನೆ. ಇವತ್ತು ರಾತ್ರಿ ಅನಿಲದ ಗ್ರಾಫಿನಿಂದಲೇ ಶುರು ಮಾಡುತ್ತೇನೆ. ಅರ್ಥವಾಗದ್ದನ್ನು ಇಲ್ಲೇ ಕೇಳುತ್ತೇನೆ.